ಸಮುದ್ರೋಲ್ಲಂಘನ: ಹಡಗಿನ ಕಾಲದಲ್ಲಿ, ವಿಮಾನದ ಕಾಲದಲ್ಲಿ

॥ ಶ್ರೀ ಹನುಮ-ಭೀಮ-ಮಧ್ವಾಂತರ್ಗತ ಶ್ರೀ ರಾಮಕೃಷ್ಣ ವೇದವ್ಯಾಸಾಯ ನಮಃ ॥

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಊರುಗಳ ಮಾಧ್ವ ಗೃಹಸ್ಥರಲ್ಲಿ ಹಿರಿಯರು ಇಲ್ಲಿ, ಮಕ್ಕಳು ಕಡಲಾಚೆ ಎಂಬ ಸ್ಥಿತಿ ಈಗ ಅಪರೂಪವಾಗಿ ಉಳಿದಿಲ್ಲ. ಪ್ರವಚನ ಮುಗಿದು ತೀರ್ಥಪ್ರಸಾದವಾದ ಮೇಲೆ ಇಂತಹ ಮನೆಗಳ ಹಿರಿಯರು ನಮ್ಮಲ್ಲಿ ಒಂದು ಪ್ರಶ್ನೆಯನ್ನು ತಗ್ಗಿದ ಧ್ವನಿಯಿಂದ ಕೇಳುವುದುಂಟು: "ಆಚಾರ್ಯರೇ, ಮಗ ಸಮುದ್ರ ದಾಟಿದ್ದಾನೆ. ನಾಳೆ ನಮ್ಮ ಶ್ರಾದ್ಧ ಅವನ ಕೈಯಿಂದ ಸಲ್ಲುತ್ತದೆಯೋ ಇಲ್ಲವೋ?" ರಜೆಗೆ ಬಂದ ಮಕ್ಕಳು ಕೇಳುವ ಪ್ರಶ್ನೆ ಬೇರೆ. "ಶಾಸ್ತ್ರದಲ್ಲಿ ಹೇಳಿದ್ದು ಹಡಗಿನ ವಿಷಯ. ನಾವು ಹೋಗುವುದು ವಿಮಾನದಲ್ಲಿ. ನಮಗೆ ಆ ನಿಷೇಧ ಹೇಗೆ ಅನ್ವಯಿಸುತ್ತದೆ?" ಮೊದಲನೆಯ ಪ್ರಶ್ನೆಯಲ್ಲಿ ದುಃಖವಿದೆ, ಎರಡನೆಯದರಲ್ಲಿ ಜಾಣತನವಿದೆ. ಎರಡಕ್ಕೂ ಉತ್ತರ ಒಂದೇ ಕಡೆಯಲ್ಲಿದೆ ಎಂಬುದು ನಮ್ಮ ತಿಳಿವಳಿಕೆಯಾದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುತ್ತೇವೆ.

ಮೊದಲು ಶಾಸ್ತ್ರವು ಏನು ಹೇಳಿದೆ ಎಂಬುದನ್ನು ನೋಡೋಣ. ಬೌಧಾಯನ ಧರ್ಮಸೂತ್ರದಲ್ಲಿ ಪತನೀಯ ಕರ್ಮಗಳನ್ನು ಎಣಿಸುವಾಗ ಸಮುದ್ರಸಂಯಾನವೇ ಮೊದಲು ಬರುತ್ತದೆ. ಅದಕ್ಕೆ ಹೇಳಿದ ಪ್ರಾಯಶ್ಚಿತ್ತವು ಸಾಮಾನ್ಯವಾದುದಲ್ಲ. ನಾಲ್ಕನೆಯ ಭೋಜನಕಾಲಕ್ಕೊಮ್ಮೆ, ಎಂದರೆ ಎರಡು ದಿನಕ್ಕೊಮ್ಮೆ, ಮಿತಾಹಾರ, ತ್ರಿಕಾಲ ಸ್ನಾನ, ಹಗಲು ನಿಂತು, ರಾತ್ರಿ ಕುಳಿತು ಕಾಲಕ್ಷೇಪ, ಹೀಗೆ ಮೂರು ವರ್ಷ. ಅದೇ ಸೂತ್ರಕಾರರು ಇನ್ನೊಂದು ಕಡೆಯಲ್ಲಿ ಉತ್ತರದೇಶದವರ ಐದು ವಿಶೇಷ ಆಚಾರಗಳನ್ನೂ ದಕ್ಷಿಣದೇಶದವರ ಐದನ್ನೂ ಹೇಳುತ್ತಾರೆ. ಸಮುದ್ರಯಾನ ಉತ್ತರದವರ ಪಟ್ಟಿಯಲ್ಲಿದೆ. ಸೋದರಮಾವನ ಮಗಳನ್ನು ವರಿಸುವುದು ದಕ್ಷಿಣದವರ ಪಟ್ಟಿಯಲ್ಲಿದೆ. ಆಯಾ ದೇಶದಲ್ಲಿ ಆಯಾ ಆಚಾರ ಪ್ರಮಾಣ, ಒಂದು ದೇಶದ್ದನ್ನು ಇನ್ನೊಂದು ದೇಶದಲ್ಲಿ ಮಾಡಿದರೆ ದೋಷ ಎಂಬುದು ಅವರ ಅಭಿಪ್ರಾಯ. ಸೋದರಮಾವನ ಮನೆಯಿಂದ ಸೊಸೆಯನ್ನು ತರುವಾಗ ಬೌಧಾಯನರ ಈ ಮಾತನ್ನು ಸಂತೋಷದಿಂದ ಒಪ್ಪುವ ನಮ್ಮ ಸೀಮೆಯವರು, ಅದೇ ವಾಕ್ಯದ ಇನ್ನೊಂದು ತುದಿ ತಮಗೆ ವಿರುದ್ಧವಾಗಿದೆ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಕರೆಯತಕ್ಕವರಲ್ಲದ ಬ್ರಾಹ್ಮಣರ ಪಟ್ಟಿಯಿದೆ. ಮನೆಗೆ ಬೆಂಕಿಯಿಟ್ಟವನು, ವಿಷವಿಕ್ಕಿದವನು, ಸೋಮವನ್ನು ಮಾರಿದವನು ಇವರ ಸಾಲಿನಲ್ಲಿಯೇ ಸಮುದ್ರಯಾಯಿಯೂ ಇದ್ದಾನೆ. ಆದರೆ ಅದೇ ಮನು ಎಂಟನೆಯ ಅಧ್ಯಾಯದಲ್ಲಿ, ಸಮುದ್ರಯಾನದಲ್ಲಿ ನುರಿತವರು ನಿರ್ಣಯಿಸಿದ ಬಡ್ಡಿಯೇ ಪ್ರಮಾಣ ಎನ್ನುತ್ತಾನೆ. ನದಿಯ ದೋಣಿಗೆ ದೂರವನ್ನೂ ಕಾಲವನ್ನೂ ನೋಡಿ ಕೂಲಿ ನಿಶ್ಚಯಿಸಬಹುದು, ಸಮುದ್ರದಲ್ಲಿ ಅಂತಹ ನಿಯಮವಿಲ್ಲ ಎಂದೂ ಹೇಳುತ್ತಾನೆ. ಅಂದಮೇಲೆ ಆ ಕಾಲದಲ್ಲಿಯೂ ಜನರು ಸಮುದ್ರದ ಮೇಲೆ ಹೋಗುತ್ತಿದ್ದರು, ವ್ಯಾಪಾರ ನಡೆಯುತ್ತಿತ್ತು, ಶಾಸ್ತ್ರಕಾರರಿಗೆ ಅದು ತಿಳಿದಿತ್ತು. ಅನಂತರ ಬಂದ ನಿರ್ಣಯಸಿಂಧುವಿನಂತಹ ನಿಬಂಧಗಳಲ್ಲಿ ಕಲಿವರ್ಜ್ಯಗಳ ಪ್ರಕರಣವಿದೆ. ನೌಕೆಯಿಂದ ಸಮುದ್ರದಲ್ಲಿ ಹೋದ ದ್ವಿಜನು ಪ್ರಾಯಶ್ಚಿತ್ತದಿಂದ ಶುದ್ಧನಾದರೂ ಕಲಿಯುಗದಲ್ಲಿ ಅವನನ್ನು ಪಂಕ್ತಿಗೆ ಸೇರಿಸಿಕೊಳ್ಳಬಾರದು ಎಂಬ ಕಠಿಣ ಮಾತು ಕಲಿವರ್ಜ್ಯಗಳಲ್ಲಿ ಒಂದು.

ಇಲ್ಲಿಯೇ ನಮ್ಮ ಮಕ್ಕಳ ಜಾಣತನಕ್ಕೆ ಎಡೆ ಸಿಕ್ಕಿದೆ. ವಚನದಲ್ಲಿ ನೌಕೆ ಎಂಬ ಶಬ್ದವಿದೆ, ವಿಮಾನ ಎಂಬ ಶಬ್ದವಿಲ್ಲ. ಆದುದರಿಂದ ಹಡಗಿನಲ್ಲಿ ಹೋದ ಮುತ್ತಜ್ಜನಿಗೆ ದೋಷ, ವಿಮಾನದಲ್ಲಿ ಹೋದ ಮೊಮ್ಮಗನಿಗೆ ಇಲ್ಲ! ಈ ವಾದವನ್ನು ನಾವು ಒಪ್ಪಲಾರೆವು. ಒಂದು ಶಬ್ದದ ಸಂದಿನಲ್ಲಿ ನುಸುಳಿ ಧರ್ಮದಿಂದ ಪಾರಾಗುವವನಿಗೆ ಧರ್ಮದ ರಕ್ಷಣೆಯೂ ದೊರೆಯುವುದಿಲ್ಲ. ನಿಷೇಧಕ್ಕೆ ಕಾರಣವೇನೆಂದು ಕೇಳಬೇಕು. ಮರದ ಹಲಗೆ, ಕಬ್ಬಿಣದ ತಗಡು, ಉಪ್ಪುನೀರು ಇವುಗಳಲ್ಲಿ ಯಾವ ಪಾಪವಿದೆ? ಸಿಂಧುಸ್ನಾನವನ್ನು ಪರ್ವಕಾಲದಲ್ಲಿ ಶಾಸ್ತ್ರವೇ ವಿಧಿಸುತ್ತದೆ. ನಮ್ಮ ಜಮಖಂಡಿ ಸೀಮೆಯ ಕೃಷ್ಣೆಯೂ ಮುಧೋಳದ ಘಟಪ್ರಭೆಯೂ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡಿ ಕೊನೆಗೆ ಹೋಗಿ ಸೇರುವುದು ಆ ಸಮುದ್ರವನ್ನೇ. ದೋಷವು ನೀರಿನಲ್ಲಿಲ್ಲ. ಆ ಪ್ರಯಾಣದಲ್ಲಿ ಮನುಷ್ಯನ ನಿತ್ಯಕರ್ಮ ತಪ್ಪುತ್ತಿತ್ತು, ಅನ್ನದ ಶುದ್ಧಿ ಕೆಡುತ್ತಿತ್ತು, ಹೋದವನು ಮನೆಯ ಋಣಗಳಿಗೆ ದೂರವಾಗುತ್ತಿದ್ದನು. ನಿಷೇಧದ ಹಿಂದಿನ ಭಯ ಇದೇ ಎಂದು ನಾವು ತಿಳಿದಿದ್ದೇವೆ.

ಹಡಗಿನ ಕಾಲದ ಪ್ರಯಾಣ ಹೇಗಿತ್ತೆಂಬುದನ್ನು ಇಂದಿನ ಮಕ್ಕಳು ಊಹಿಸಲಾರರು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ವಿಲಾಯತಿಯ ದಾರಿ ಬಹಳ ಕಡಿಮೆಯಾಯಿತು. ಹಾಗಾದರೂ ಸುಮಾರು ಮೂರು ವಾರ ಬೇಕಾಗುತ್ತಿತ್ತು. ಜಮಖಂಡಿಯಿಂದ ಹೊರಟವನು ಕುಡಚಿಯಲ್ಲಿ ರೈಲು ಹಿಡಿದು, ಮಿರಜ, ಪುಣೆ ದಾಟಿ ಮುಂಬಯಿಯ ಬಲ್ಲಾರ್ಡ್ ಪಿಯರ್ ಧಕ್ಕೆಗೆ ಹೋಗಬೇಕು. ಅಲ್ಲಿಂದ ಏಡನ್, ಸುಯೆಜ್, ಮುಂದೆ ಮೆಡಿಟರೇನಿಯನ್ ಸಮುದ್ರ. ಹಡಗಿನ ಅಡಿಗೆಮನೆಯಲ್ಲಿ ಒಂದೇ ಒಲೆಯ ಮೇಲೆ ಎಲ್ಲವೂ ಬೇಯುತ್ತಿತ್ತು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹೊರಟ ಮೋಹನದಾಸ ಗಾಂಧಿಯವರು ಮನೆಯಿಂದ ಒಯ್ದ ಮಿಠಾಯಿ, ಹಣ್ಣುಗಳನ್ನೇ ಹೆಚ್ಚಾಗಿ ತಿಂದು ದಿನ ಕಳೆದುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರ ಜಾತಿಯ ಪಂಚರು ಹೊರಡುವ ಮೊದಲೇ ಬಹಿಷ್ಕಾರ ಹಾಕಿದ್ದರು. 1891ರಲ್ಲಿ ಹಿಂದಿರುಗಿದಾಗ ಅಣ್ಣನು ತಮ್ಮನನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿದನು. ನಮ್ಮ ಕನ್ನಡ ಕರಾವಳಿಯ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರು ಅದಕ್ಕೂ ಮೊದಲು 1885ರಲ್ಲಿಯೇ ದೇಶದ ಕಾರ್ಯಕ್ಕಾಗಿ ಇಂಗ್ಲೆಂಡಿಗೆ ಹೋಗಿ ಬಂದರು. (ಮುಧೋಳದ ರಾಜರಾದ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ಚಕ್ರವರ್ತಿಗೆ ತಮ್ಮ ಸಂಸ್ಥಾನದ ಬೇಟೆನಾಯಿಗಳ ಜೋಡಿಯನ್ನು ಕಾಣಿಕೆಯಾಗಿ ಕೊಟ್ಟದ್ದು ಪ್ರಸಿದ್ಧವಾಗಿದೆ. ನಮ್ಮ ಸೀಮೆಯ ನಾಯಿಗಳು ಕಡಲು ದಾಟಿ ಕೀರ್ತಿ ತಂದ ಕಾಲದಲ್ಲಿ ಇಲ್ಲಿಯ ಬ್ರಾಹ್ಮಣರು ಇನ್ನೂ ಪ್ರಾಯಶ್ಚಿತ್ತದ ಚರ್ಚೆಯಲ್ಲಿದ್ದರು ಎಂದು ಪರಿಹಾಸ ಮಾಡುವವರೂ ಇದ್ದಾರೆ.)

ಇನ್ನು ಶ್ರೀ ಸತ್ಯಬೋಧತೀರ್ಥರ ಬೃಂದಾವನದಿಂದ ಪುನೀತವಾದ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರ ವಿಷಯ. ಅವರು 1936ರಲ್ಲಿ ಆಕ್ಸ್‌ಫರ್ಡಿಗೆ ವಿದ್ಯಾಭ್ಯಾಸಕ್ಕಾಗಿ ತೆರಳಿ 1938ರಲ್ಲಿ ಮರಳಿದರು. ಕನ್ನಡಿಗರಿಗೆ 'ಸಮುದ್ರ ಗೀತೆಗಳು', 'ಸಮುದ್ರದಾಚೆಯಿಂದ' ಎಂಬ ಕೃತಿಗಳು ದೊರೆತದ್ದು ಆ ಸಂಚಾರದ ಫಲವಾಗಿ. ಹಡಗು ನಿಧಾನವಾಗಿ ಸಾಗುತ್ತಿದ್ದುದರಿಂದಲೇ ಸಮುದ್ರವನ್ನು ಕಣ್ತುಂಬ ನೋಡುವುದು ಸಾಧ್ಯವಾಯಿತು. ವಿಮಾನದಲ್ಲಿ ಕುಳಿತು ಕಿಟಕಿಯ ಪರದೆ ಎಳೆದುಕೊಂಡು ಮಲಗುವವನಿಗೆ ತಾನು ದಾಟಿದ್ದು ಸಮುದ್ರವೋ ಮರುಭೂಮಿಯೋ ತಿಳಿಯುವುದಿಲ್ಲ. ತಾನು ಏನನ್ನು ದಾಟುತ್ತಿದ್ದೇನೆ ಎಂಬ ಅರಿವಾದರೂ ಹಡಗಿನ ಪ್ರಯಾಣಿಕನಿಗಿತ್ತು.

1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೋಯಿತು. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು ಅದೇ ವರ್ಷ. ಅನಂತರವೂ ಎರಡು ದಶಕ ಹಡಗುಗಳು ನಡೆದವು. 1967ರಿಂದ 1975ರ ವರೆಗೆ ಸುಯೆಜ್ ಮುಚ್ಚಿ ಹಡಗುಗಳು ಆಫ್ರಿಕೆಯನ್ನೇ ಸುತ್ತಿ ಹೋಗಬೇಕಾಯಿತು. ಆ ದಶಕ ಮುಗಿಯುವಷ್ಟರಲ್ಲಿ ವಿಲಾಯತಿಯ ಪ್ರಯಾಣಿಕ ಹಡಗಿನ ಕಾಲವೇ ಮುಗಿದುಹೋಯಿತು. ಮೂರು ವಾರದ ದಾರಿ ಈಗ ಹತ್ತು ತಾಸಿನದು.

ಈ ಬದಲಾವಣೆಯಿಂದ ನಮ್ಮ ಧರ್ಮಕ್ಕೆ ಲಾಭವಾಯಿತೋ ನಷ್ಟವಾಯಿತೋ? ಎರಡೂ ಆಗಿವೆ.

ನಷ್ಟವನ್ನು ಮೊದಲು ಹೇಳುತ್ತೇವೆ. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದಿರುತ್ತದೆ. ಮೂರು ವಾರದ ಹಡಗಿನಲ್ಲಿ ಆ ಅಂತರವು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಹಂಚಿಹೋಗುತ್ತಿತ್ತು. ಸೂರ್ಯನು ಪ್ರತಿದಿನ ಉದಯಿಸುತ್ತಿದ್ದನು, ಪ್ರತಿದಿನ ಅಸ್ತಮಿಸುತ್ತಿದ್ದನು. ಹಡಗಿನ ಅಟ್ಟದ ಮೇಲೆ ನಿಂತವನಿಗೆ ನಾಲ್ಕೂ ದಿಕ್ಕು ಬಯಲು. ಪೂರ್ವ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮನಸ್ಸಿದ್ದವನಿಗೆ ತ್ರಿಕಾಲ ಸಂಧ್ಯೆಗೆ ಇದಕ್ಕಿಂತ ವಿಶಾಲವಾದ ಸ್ಥಳ ಇನ್ನೆಲ್ಲಿ? ಅನ್ನದ ತೊಂದರೆ ಇತ್ತು, ಸಂಧ್ಯಾಕಾಲದ ತೊಂದರೆ ಇರಲಿಲ್ಲ. ವಿಮಾನದಲ್ಲಿ ಇದು ತಿರುಗುಮುರುಗಾಗಿದೆ. ಸಸ್ಯಾಹಾರ ಬೇಕೆಂದು ಮೊದಲೇ ಬರೆಸಿದರೆ ಕೊಡುತ್ತಾರೆ. ಆದರೆ ಮಧ್ಯರಾತ್ರಿಗೆ ಹೊರಟು ಪಶ್ಚಿಮಕ್ಕೆ ಹಾರುವವನಿಗೆ ರಾತ್ರಿ ಲಂಬಿಸುತ್ತಾ ಹೋಗುತ್ತದೆ. ಹಿಂದಿರುಗುವಾಗ ಪೂರ್ವಕ್ಕೆ ಹಾರುವವನಿಗೆ ಹಗಲು ಮೊಟಕಾಗಿ ಒಂದು ಸಂಧ್ಯೆ ಕೈತಪ್ಪಿ ಹೋಗಬಹುದು. ಕಾಲ ಮೀರಿದ ಸಂಧ್ಯೆಗೆ ಪ್ರಾಯಶ್ಚಿತ್ತಾರ್ಘ್ಯವನ್ನು ಶಾಸ್ತ್ರವು ಕರುಣೆಯಿಂದ ಇಟ್ಟಿದೆ. ಕುಳಿತಲ್ಲಿಯೇ ಮಾನಸಿಕವಾಗಿ ಗಾಯತ್ರೀ ಜಪ ಮಾಡಿ, ಇಳಿದ ಮೇಲೆ ಸ್ನಾನ ಮಾಡಿ ಅರ್ಘ್ಯವನ್ನು ಕೊಡತಕ್ಕದ್ದು. ಇಳಿದ ಮೇಲೂ ಸಂಧ್ಯೆಯ ನೆನಪಾಗದೆ ಇದ್ದರೆ ಆ ದೋಷವನ್ನು ವಿಮಾನದ ಮೇಲೆ ಹೊರಿಸಲಾಗದು.

ಇನ್ನು ಲಾಭ. ಇದನ್ನು ನಾವು ಹೆಚ್ಚಿನದೆಂದು ಭಾವಿಸುತ್ತೇವೆ. ಹಡಗಿನ ಕಾಲದಲ್ಲಿ ಮಗನು ಧಕ್ಕೆಯಿಂದ ಹೊರಟನೆಂದರೆ ತಂದೆತಾಯಿಗಳು ಒಂದು ಬಗೆಯಲ್ಲಿ ಅವನ ಆಸೆಯನ್ನೇ ಬಿಡುತ್ತಿದ್ದರು. ತಂದೆ ತೀರಿಕೊಂಡರೆ ತಂತಿ ಒಂದು ದಿನದಲ್ಲಿ ಮುಟ್ಟುತ್ತಿತ್ತು. ಮಗ ಮುಟ್ಟುವಷ್ಟರಲ್ಲಿ ಧರ್ಮೋದಕವಾಗಿ, ವೈಕುಂಠ ಸಮಾರಾಧನೆಯೂ ಮುಗಿದಿರುತ್ತಿತ್ತು. ಅಗ್ನಿಯನ್ನು ತಮ್ಮನೋ ದಾಯಾದಿಯೋ ಕೊಟ್ಟಿರುತ್ತಿದ್ದನು. ಇಂತಹ ಸಂದರ್ಭವನ್ನು ಧರ್ಮಶಾಸ್ತ್ರವು ಮೊದಲೇ ಯೋಚಿಸಿದೆ. ಬೇರೆ ಸಪಿಂಡರ ಮರಣವಾರ್ತೆ ಹತ್ತು ದಿನ ಕಳೆದ ಮೇಲೆ ಕೇಳಿಬಂದರೆ ಆಶೌಚ ಕಡಿಮೆಯಾಗುತ್ತದೆ. ತಂದೆತಾಯಿಗಳ ವಿಷಯದಲ್ಲಿ ಮಾತ್ರ, ದೂರದಲ್ಲಿರುವ ಮಗನು ಯಾವಾಗ ಕೇಳಿದರೂ ಕೇಳಿದ ದಿನದಿಂದ ಪೂರ್ತಿ ಹತ್ತು ದಿನ ಆಶೌಚವನ್ನು ಹಿಡಿಯಬೇಕು. ದೂರವು ಉಳಿದೆಲ್ಲ ಸಂಬಂಧಗಳನ್ನು ಸಡಿಲಿಸಬಹುದು, ಈ ಒಂದನ್ನು ಸಡಿಲಿಸಲಾರದು ಎಂಬುದೇ ಆ ವಿಧಿಯ ಹೃದಯ.

ಈಗ ನೋಡಿ. ಬನಹಟ್ಟಿಯಲ್ಲಿ ತಾಯಿಗೆ ಕಷ್ಟವಾಗಿದೆ ಎಂಬ ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ. ಮಗನು ಎರಡು ದಿನದೊಳಗೆ ಮನೆಯ ಹೊಸ್ತಿಲಲ್ಲಿರಬಹುದು. ಹಡಗು ಕಸಿದುಕೊಂಡಿದ್ದ ಪುತ್ರಧರ್ಮವನ್ನು ವಿಮಾನವು ತಿರುಗಿ ತಂದುಕೊಟ್ಟಿದೆ. ಆದರೆ ಅದರೊಡನೆ ನೆಪವನ್ನೂ ಕಿತ್ತುಕೊಂಡಿದೆ. ಮುತ್ತಜ್ಜನು ಬರಲಾರದೆ ಹೋದನು. ಅವನನ್ನು ದೇವರೂ ಕ್ಷಮಿಸಿರಬೇಕು. ಮೊಮ್ಮಗನು ಬರಬಹುದಾಗಿದ್ದು ಬಾರದೆ ಹೋದರೆ ಏನು ಹೇಳುವುದು? ಸಮುದ್ರಯಾನಕ್ಕೆ ಶಾಸ್ತ್ರ ಹೇಳಿದ ದೋಷ ಇಂದು ಎಲ್ಲಿ ಉಳಿದಿದೆ ಎಂದು ನಮ್ಮನ್ನು ಕೇಳಿದರೆ ಇದೇ ಸ್ಥಳವನ್ನು ತೋರಿಸುತ್ತೇವೆ. ಹಿರಿಯರ ದಿನದ ತಿಥಿ ಮಗನ ನೆನಪಿನಲ್ಲಿಲ್ಲ, ಐದು ವರ್ಷಗಳಿಂದ ಪಕ್ಷಮಾಸದಲ್ಲಿ ಒಂದು ಪಿಂಡವಿಲ್ಲ, ಊರ ಮನೆಗೆ ಕೀಲಿ ಬಿದ್ದು ದೇವರ ಪೆಟ್ಟಿಗೆ ಯಾರೋ ನೆಂಟರ ಮನೆಯಲ್ಲಿದೆ. ಇಂತಹವನು ಹಡಗಿನಲ್ಲಿ ಹೋಗಿದ್ದರೂ ಒಂದೇ, ವಿಮಾನದಲ್ಲಿ ಹೋಗಿದ್ದರೂ ಒಂದೇ, ಮುಧೋಳದಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದರೂ ಒಂದೇ. ಈ ಕೊನೆಯ ವರ್ಗದವರು ಸಮುದ್ರ ದಾಟದವರೆಂಬ ಹೆಮ್ಮೆಯಲ್ಲಿರುವುದನ್ನೂ ನಾವು ಕಂಡಿದ್ದೇವೆ.

ಆದುದರಿಂದ ಹಿರಿಯರ ಮೊದಲ ಪ್ರಶ್ನೆಗೆ ನಮ್ಮ ಉತ್ತರವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮನು ಸಮುದ್ರಯಾಯಿಯನ್ನು ಬಿಟ್ಟದ್ದು ಶ್ರಾದ್ಧದಲ್ಲಿ ನಿಮಂತ್ರಿತನಾಗಿ ಕುಳಿತು ಉಣ್ಣುವ ಬ್ರಾಹ್ಮಣರ ಪಟ್ಟಿಯಿಂದ. ಶ್ರಾದ್ಧವನ್ನು ಮಾಡುವ ಮಗನನ್ನು ಕುರಿತ ಮಾತು ಅಲ್ಲಿಲ್ಲ. ಉಣ್ಣುವುದು ಗೌರವ, ಅದನ್ನು ತಡೆಯಬಹುದು. ಮಾಡುವುದು ಋಣ, ಅದರಿಂದ ಬಿಡುಗಡೆ ಕೊಡುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಸಾಲಗಾರನು ದೋಷಿಯಾದನೆಂದು ಸಾಲವು ಹರಿಯುತ್ತದೆಯೇ? ಮಗನು ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಶ್ರಾದ್ಧವನ್ನು ಮಾಡಲೇಬೇಕು. ಪ್ರಾಯಶ್ಚಿತ್ತದ ಕ್ರಮವನ್ನು ಉತ್ತರಾದಿಮಠ, ರಾಯರಮಠ, ವ್ಯಾಸರಾಜಮಠ ಮೊದಲಾಗಿ ಅವರವರ ಮಠದ ಸಂಪ್ರದಾಯದಂತೆ ಗುರುಗಳ ಅಪ್ಪಣೆ ಪಡೆದು ನಡೆಸತಕ್ಕದ್ದು. ಯಜ್ಞೋಪವೀತಧಾರಣ, ಪಂಚಗವ್ಯಪ್ರಾಶನ, ಆಷಾಢ ಶುದ್ಧ ಏಕಾದಶಿಗೆ ಊರಲ್ಲಿರುವ ಸುಯೋಗ ಬಂದರೆ ತಪ್ತಮುದ್ರಾಧಾರಣ, ಇವು ಎಲ್ಲರಿಗೂ ತಿಳಿದವುಗಳೇ. ರಬಕವಿಯ ನೇಕಾರರಿಗೆ ಪ್ರಾಯಶ್ಚಿತ್ತವೆಂದರೇನೆಂದು ನಾವು ವಿವರಿಸಬೇಕಾಗಿಲ್ಲ. ಮಗ್ಗದ ಮೇಲೆ ಹಾಸಿನ ಒಂದು ಎಳೆ ಹರಿದರೆ ಅವರು ಮಗ್ಗವನ್ನು ನಿಲ್ಲಿಸಿ ಎಳೆಯನ್ನು ಹುಡುಕಿ ಗಂಟು ಹಾಕುತ್ತಾರೆ. ಹರಿದಿಲ್ಲವೆಂದು ನೇಯುತ್ತಾ ಹೋದರೆ ಸೀರೆಯ ಉದ್ದಕ್ಕೂ ಸಂದು ಉಳಿಯುತ್ತದೆ. ಹರಿಯಿತೆಂದು ಹಾಸನ್ನೇ ಕಿತ್ತೆಸೆಯುವ ನೇಕಾರನೂ ಇಲ್ಲ.

ಯತಿಗಳ ವಿಷಯವನ್ನು ಇದರೊಡನೆ ಬೆರೆಸಬಾರದು. ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು ವಿದೇಶಗಳಲ್ಲಿ ಸಂಚರಿಸಿ ಅಮೆರಿಕ ಮೊದಲಾದೆಡೆ ಶ್ರೀಕೃಷ್ಣನ ಮಂದಿರಗಳನ್ನು ಸ್ಥಾಪಿಸಿದ್ದಾರೆ. 2008ರ ಪರ್ಯಾಯದಲ್ಲಿಯೂ ಮತ್ತೆ 2024ರ ಪರ್ಯಾಯದಲ್ಲಿಯೂ ಸಮುದ್ರೋಲ್ಲಂಘನದ ವಿಷಯವಾಗಿ ಉಡುಪಿಯಲ್ಲಿ ಭಿನ್ನಾಭಿಪ್ರಾಯ ತೋರಿದ್ದು ಎಲ್ಲರಿಗೂ ತಿಳಿದಿದೆ. ಸಂನ್ಯಾಸಾಶ್ರಮದ ನಿಯಮ ಬೇರೆ, ದೇವರನ್ನು ಮುಟ್ಟಿ ಪೂಜಿಸುವವರ ನಿಯಮ ಬೇರೆ, ಹೊಟ್ಟೆಪಾಡಿಗೆ ಹೋದ ಗೃಹಸ್ಥನ ನಿಯಮ ಬೇರೆ. ಪೀಠಾಧಿಪತಿಗಳು ತಮ್ಮಲ್ಲಿ ನಿರ್ಣಯಿಸತಕ್ಕ ವಿಷಯವನ್ನು ನಾವು ನಮ್ಮ ಜಗಲಿಯ ಮೇಲೆ ಕುಳಿತು ತೀರ್ಮಾನಿಸುವುದು ಅಪಚಾರವಾದೀತು. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇವೆ.

ಸಮುದ್ರೋಲ್ಲಂಘನ ಎಂಬ ಮಾತು ಕಿವಿಗೆ ಬಿದ್ದೊಡನೆ ಮಾಧ್ವನ ಮನಸ್ಸಿಗೆ ಮೊದಲು ಬರಬೇಕಾದವರು ಯಾರು? ನೂರು ಯೋಜನ ಸಾಗರವನ್ನು ಒಂದೇ ನೆಗೆತಕ್ಕೆ ದಾಟಿದ ಮುಖ್ಯಪ್ರಾಣದೇವರು. ತುಳಸಿಗೇರಿಯ ಹನುಮಪ್ಪನಿಗೆ ನಡೆದುಕೊಳ್ಳುವ ನಮ್ಮ ಸೀಮೆಯವರಿಗೆ ಈ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಡಗಿಲ್ಲ, ಸೇತುವೆಯಿಲ್ಲ, ಆಕಾಶಮಾರ್ಗವಾಗಿಯೇ ಹೋದರು. ನಡುವೆ ಮೈನಾಕ ಪರ್ವತವು ಮೇಲೆದ್ದು, ಸ್ವಲ್ಪ ವಿಶ್ರಮಿಸಿ ಫಲಮೂಲಗಳನ್ನು ಸ್ವೀಕರಿಸಿ ಹೋಗಬಹುದೆಂದು ಪ್ರಾರ್ಥಿಸಿತು. ಹನುಮಂತದೇವರು ಆ ಪರ್ವತವನ್ನು ಕೈಯಿಂದ ಮುಟ್ಟಿ ಗೌರವಿಸಿ, ಹೊರಟ ಕಾರ್ಯ ಮುಗಿಯುವ ವರೆಗೆ ನಡುವೆ ನಿಲ್ಲಲಾರೆನೆಂದು ಹೇಳಿ ಮುನ್ನಡೆದರು. ಮುಂದೆ ಲಂಕೆಯಲ್ಲಿ ರಾವಣನ ಅಂತಃಪುರ, ಪಾನಶಾಲೆಗಳನ್ನೆಲ್ಲ ರಾತ್ರಿಯಲ್ಲಿ ಹುಡುಕಬೇಕಾಯಿತು. ಮಲಗಿದ ಪರಸ್ತ್ರೀಯರನ್ನು ಕಂಡದ್ದರಿಂದ ಧರ್ಮಲೋಪವಾಯಿತೇ ಎಂಬ ಶಂಕೆ ಬಂದಾಗ ಅಲ್ಲಿಯೇ ನಿಂತು ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿ, ಅದು ಕದಲಿಲ್ಲವೆಂದು ಕಂಡುಕೊಂಡು ಮುಂದೆ ಹೋದರು. ಪರದೇಶದಲ್ಲಿರುವವನು ಏನೇನನ್ನೋ ಕಾಣಬೇಕಾಗುತ್ತದೆ. ಕಂಡಾಗ ಒಂದು ಕ್ಷಣ ನಿಂತು ಹೀಗೆ ತನ್ನನ್ನು ಕೇಳಿಕೊಳ್ಳುವವನು ಎಷ್ಟು ದೂರದಲ್ಲಿದ್ದರೂ ನಮ್ಮವನೇ.

ಇದಕ್ಕಿಂತಲೂ ಮನಸ್ಸನ್ನು ತಟ್ಟುವ ಸ್ಥಳ ಸುಂದರಕಾಂಡದಲ್ಲಿ ಇನ್ನೊಂದಿದೆ. ಲಂಕೆಯನ್ನೆಲ್ಲ ಹುಡುಕಿ ಸೀತಾದೇವಿಯನ್ನು ಕಾಣದೆ ಹನುಮಂತದೇವರು ಅಶೋಕವನಕ್ಕೆ ಬಂದು ಮರವೇರಿ ಕುಳಿತಿದ್ದಾರೆ. ಎದುರಿಗೆ ತಿಳಿನೀರಿನ ತೊರೆಯೊಂದು ಹರಿಯುತ್ತಿದೆ. ಆಗ ಅವರಿಗೆ ಒಂದು ಯೋಚನೆ ಹೊಳೆಯುತ್ತದೆ: ದೇವಿ ಬದುಕಿದ್ದರೆ, ಸಂಧ್ಯಾಕಾಲದಲ್ಲಿ ಈ ನೀರಿನ ಬಳಿಗೆ ಬಂದೇ ಬರುವಳು. ಈ ಮಾತನ್ನು ತಾವು ಸ್ವಲ್ಪ ನಿಂತು ಯೋಚಿಸಬೇಕು. ಕಡಲಾಚೆಯ ರಾಕ್ಷಸರ ಊರು, ಸುತ್ತಲೂ ಕಾವಲು, ಮೈಮೇಲೆ ಮಾಸಿದ ಒಂದೇ ವಸ್ತ್ರ. ಆಭರಣದಿಂದ ಗುರುತಿಸೋಣವೆಂದರೆ ಆಭರಣಗಳಲ್ಲಿ ಕೆಲವನ್ನು ದಾರಿಯಲ್ಲಿಯೇ ಎಸೆದಾಗಿದೆ. ಹಾಗಿರುವಾಗ ಹನುಮಂತದೇವರು ಹಿಡಿದ ಗುರುತು ಸಂಧ್ಯಾನಿಷ್ಠೆ. (ಲಂಕೆಯಲ್ಲಿದ್ದುದು ಸೀತಾಕೃತಿ, ಸಾಕ್ಷಾತ್ ದೇವಿಯು ಕೈಲಾಸದಲ್ಲಿದ್ದಳೆಂಬುದು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಶ್ರೀಮದಾಚಾರ್ಯರ ನಿರ್ಣಯ; ಸರ್ವಜ್ಞರಾದ ವಾಯುದೇವರಿಗೆ ಅದು ತಿಳಿಯದುದೂ ಅಲ್ಲ. ಲೋಕಶಿಕ್ಷಣಕ್ಕಾಗಿ ನಡೆದ ಈ ಲೀಲೆಯಿಂದ ನಾವು ಕಲಿಯುವುದಕ್ಕೆ ಅದರಿಂದ ಬಾಧೆಯಿಲ್ಲ.) ತಾಯಿ ತನ್ನ ಮಗನ ವಿಷಯದಲ್ಲಿ ಹೀಗೆ ನಂಬಿ ಹೇಳಬಲ್ಲಳೇ? "ಅವನು ಎಲ್ಲಿಯೇ ಇರಲಿ, ಈ ಹೊತ್ತಿಗೆ ನೀರಿನ ಮುಂದೆ ಕುಳಿತಿರುತ್ತಾನೆ" ಎನ್ನುವ ನಂಬಿಕೆ ಅವಳಿಗಿದ್ದರೆ, ಅವನು ಡೆಟ್ರಾಯಿಟ್‌ನಲ್ಲಿದ್ದರೂ ಮನೆಯಲ್ಲಿಯೇ ಇದ್ದಂತೆ.

ಇನ್ನು ಕೆಲವು ವ್ಯಾವಹಾರಿಕ ವಿಷಯಗಳು. ಪರದೇಶದ ಮಕ್ಕಳು ಏಕಾದಶಿ ಯಾವಾಗ ಎಂದು ಊರಿಗೆ ಕೇಳುತ್ತಾರೆ, ಇಲ್ಲಿಯ ಹಿರಿಯರು ಗೋಡೆಯ ಪಂಚಾಂಗವನ್ನು ನೋಡಿ ಹೇಳುತ್ತಾರೆ. ಇದು ಸರಿಯಲ್ಲ. ನಮ್ಮ ಸಂಪ್ರದಾಯದಲ್ಲಿ ಅರುಣೋದಯಕ್ಕೆ, ಎಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮೊದಲು, ದಶಮಿಯ ಸ್ಪರ್ಶವಿದ್ದರೆ ಆ ಏಕಾದಶಿ ವಿದ್ಧವಾಗುತ್ತದೆ. ಉಪವಾಸ ಮರುದಿನಕ್ಕೆ ಹೋಗುತ್ತದೆ. ಆ ಅರುಣೋದಯ ಯಾವ ಊರಿನದು? ಉಪವಾಸ ಮಾಡುವವನು ಇರುವ ಊರಿನದು. ಒಂದು ಉದಾಹರಣೆ ಹೇಳುತ್ತೇವೆ. ಬೇಸಿಗೆಯ ಒಂದು ಸೋಮವಾರ ನಮ್ಮ ಬೆಳಗಿನ 6 ಗಂಟೆಗೆ ದಶಮಿ ಮುಗಿಯುತ್ತದೆ ಎನ್ನೋಣ. ಜಮಖಂಡಿಯಲ್ಲಿ ಅರುಣೋದಯದಲ್ಲಿ ದಶಮಿ ಇದೆ, ಆದುದರಿಂದ ಇಲ್ಲಿ ಉಪವಾಸ ಮಂಗಳವಾರ. ಅದೇ ಕ್ಷಣದಲ್ಲಿ ನ್ಯೂಯಾರ್ಕಿನಲ್ಲಿ ರವಿವಾರ ರಾತ್ರಿ 8.30. ಅಲ್ಲಿಯ ಸೋಮವಾರದ ಅರುಣೋದಯಕ್ಕೆ ದಶಮಿಯ ಗಂಧವೂ ಇಲ್ಲ, ಶುದ್ಧ ಏಕಾದಶಿ. ಅಲ್ಲಿ ಉಪವಾಸ ಸೋಮವಾರ. ಊರಿನ ಮಾತು ಕೇಳಿ ಸೋಮವಾರ ಉಂಡು ಮಂಗಳವಾರ ಉಪವಾಸವಿದ್ದ ಮಗ ಹರಿದಿನದಲ್ಲಿ ಉಂಡಂತಾಯಿತು. ಶ್ರಾದ್ಧದ ತಿಥಿಯೂ ಹೀಗೆಯೇ. ಅವನಿರುವ ಊರಿನ ಅಪರಾಹ್ಣಕ್ಕೆ ತಿಥಿ ಯಾವುದಿದೆ ಎಂಬುದನ್ನು ನೋಡಬೇಕು. ಆಯಾ ಊರಿಗೆ ಗಣಿತ ಮಾಡಿದ ಪಂಚಾಂಗಗಳು ಈಗ ದೊರೆಯುತ್ತವೆ. ಹಡಗಿನಲ್ಲಿ ಹೋಗುತ್ತಿದ್ದವನಿಗೆ ಪ್ರತಿದಿನವೂ ಊರು ಬದಲಾಗುತ್ತಿತ್ತು. ಅವನ ಕಷ್ಟಕ್ಕೆ ಹೋಲಿಸಿದರೆ ಇದು ಕಷ್ಟವೇ ಅಲ್ಲ.

ಸಂಕಲ್ಪದಲ್ಲಿ ಜಂಬೂದ್ವೀಪ, ಭರತಖಂಡ ಎಂದು ಹೇಳುತ್ತಿದ್ದವನು ಅಲ್ಲಿ ಏನು ಹೇಳಬೇಕೆಂಬ ಪ್ರಶ್ನೆಯೂ ಬರುತ್ತದೆ. ಅಮೆರಿಕದಲ್ಲಿ ಕೆಲವು ಪುರೋಹಿತರು ಕ್ರೌಂಚದ್ವೀಪವೆಂದು ಹೇಳುವ ರೂಢಿಯನ್ನು ಇಟ್ಟುಕೊಂಡಿದ್ದಾರೆ. ಈ ವಿಷಯದಲ್ಲಿ ತಮ್ಮ ಗುರುಮಠದಿಂದ ಬಂದ ಅಪ್ಪಣೆಯೇ ಪ್ರಮಾಣ. ಸಂಕಲ್ಪದ ತತ್ತ್ವವಿಷ್ಟೇ: ಕರ್ಮ ಮಾಡುವವನು ತಾನು ಎಲ್ಲಿ ನಿಂತಿದ್ದೇನೆ, ಯಾವ ಕಾಲದಲ್ಲಿ ನಿಂತಿದ್ದೇನೆ ಎಂಬುದನ್ನು ದೇವರ ಮುಂದೆ ನಿಜವಾಗಿ ಹೇಳಿಕೊಳ್ಳಬೇಕು. ಜಂಬುಖಂಡಿಯಲ್ಲಿ ಹುಟ್ಟಿದವನಿಗೆ ಜಂಬೂದ್ವೀಪದ ಹೆಸರನ್ನು ಬಿಡುವುದು ಮನಸ್ಸಿಗೆ ಕಷ್ಟವಾಗಬಹುದು. ಆ ಕಷ್ಟ ಒಳ್ಳೆಯದೇ.

ಮನೆ ಬಿಡುವುದೆಂದರೇನು ಎಂಬುದು ಬೀಳಗಿ ಸೀಮೆಯವರಿಗೆ ಬೇರೆಯವರಿಗಿಂತ ಹೆಚ್ಚು ತಿಳಿದಿದೆ. ಆಲಮಟ್ಟಿಯ ಹಿನ್ನೀರು ಏರಿದಾಗ ಮುಳುಗಡೆಯಾದ ಊರುಗಳ ಜನ ಸಮುದ್ರ ದಾಟಲಿಲ್ಲ, ನೀರೇ ಅವರ ಹೊಸ್ತಿಲನ್ನು ದಾಟಿತು. ಮನೆಯ ತೊಲೆ, ಬಾಗಿಲುಗಳನ್ನು ಬಿಚ್ಚಿ ಬಂಡಿಗೆ ಹೇರುವ ಮೊದಲು ದೇವರ ಪೆಟ್ಟಿಗೆಯನ್ನು ಹೊತ್ತು ಹೊರಟವರನ್ನು ನೆನೆಸಿಕೊಳ್ಳಿ. ಪುನರ್ವಸತಿಯ ಊರಿನಲ್ಲಿ ಗೋಡೆಗೆ ಸುಣ್ಣ ಬೀಳುವ ಮೊದಲೇ ತುಳಸೀಕಟ್ಟೆ ಎದ್ದಿತ್ತು. ಅಮೆರಿಕಕ್ಕೆ ಹೊರಟ ಮಗನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಮೆಂತ್ಯಹಿಟ್ಟು, ಸ್ವೆಟರು ಎಲ್ಲವನ್ನೂ ತೂಕ ಮಾಡಿ ಇಡುವ ತಾಯಂದಿರು ಆ ಜನರು ಮೊದಲು ಹೊತ್ತದ್ದನ್ನು ಕೊನೆಗಾದರೂ ಇಡಬಾರದೇ?

ದ್ವಾರಕೆಯಿಂದ ಹೊರಟ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು. ತೀರದಲ್ಲಿದ್ದ ಶ್ರೀಮದಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ದಡಕ್ಕೆ ತಂದರು. ನಾವಿಕನು ಕೊಡಬಂದ ಸಂಪತ್ತನ್ನು ಬಿಟ್ಟು, ಹಡಗಿನ ತಳದಲ್ಲಿ ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಗಟ್ಟಿಯನ್ನು ಕೇಳಿ ಪಡೆದರು. ಅದರೊಳಗೆ ಇದ್ದವನೇ ಕಡಗೋಲು ಹಿಡಿದ ನಮ್ಮ ಉಡುಪಿಯ ಕೃಷ್ಣ. ಆ ಹಡಗು ತೀರವನ್ನು ಹಿಡಿದೇ ಬಂದಿತು, ದ್ವೀಪಾಂತರಕ್ಕೆ ಹೋಗಲಿಲ್ಲ, ಅದರಿಂದ ಸಮುದ್ರಯಾನಕ್ಕೆ ಪ್ರಮಾಣ ಸಿಗುವುದಿಲ್ಲ ಎಂದು ಪಂಡಿತರು ಹೇಳಬಹುದು. ಸರಿಯೇ. ನಾವು ಅದನ್ನು ಪ್ರಮಾಣಕ್ಕಾಗಿ ಹೇಳುತ್ತಿಲ್ಲ. ಹಡಗಿನವನಿಗೆ ತಾನು ಹೊತ್ತದ್ದು ಏನೆಂಬುದು ತಿಳಿದಿರಲಿಲ್ಲ. ಅವನಿಗೆ ಅದು ತೂಕ ಸರಿಹೋಗಲು ಇಟ್ಟ ಮಣ್ಣು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆ: ಮಗನೋ ಮಗಳೋ ಹೊರಡುವಾಗ ಒಂದು ಗೋಪೀಚಂದನದ ಗಟ್ಟಿ, ಮುದ್ರೆಗಳು, ಒಂದು ಪಂಚಪಾತ್ರೆ, ಉದ್ಧರಣೆ, ಮತ್ತು ಮನೆಯ ಹಿರಿಯರ ತಿಥಿಗಳನ್ನು ಮಾಸ-ಪಕ್ಷ ಸಹಿತ ಬರೆದ ಒಂದು ಹಾಳೆಯನ್ನು ಪೆಟ್ಟಿಗೆಯಲ್ಲಿಡಿ. ಗೋಪೀಚಂದನಕ್ಕೆ ವಿಮಾನದಲ್ಲಿ ಅಡ್ಡಿಯಿಲ್ಲ. ಪಂಚಪಾತ್ರೆಯನ್ನು ಬರಿದಾಗಿಯೇ ಇಡಬೇಕು, ನೀರನ್ನು ತುಂಬಿ ಒಳಗೆ ಒಯ್ಯಲು ಬಿಡುವುದಿಲ್ಲ. ಇಳಿದ ಊರಿನ ನೀರು ಸಾಕು.

॥ ಶ್ರೀಕೃಷ್ಣಾರ್ಪಣಮಸ್ತು ॥